ಪಕ್ಕದ ಮನೆಯವರು ಮಾತಾಡುವುದಿಲ್ಲ, ಆದರೆ ಅವರ ಕಾಡಿಗೆ ಯಾರು ಬೇಕಾದರೂ ಹೋಗಬಹುದು. ಇದು ಹೇಗೆ?

ಔಲು ಹೊಸಬ
ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಫಿನ್ಲೆಂಡಿನ ಔಲು ಊರಿಗೆ ಬಂದು ಒಂದು ವರ್ಷ ಆಗುತ್ತಾ ಬಂತು. ಹೆಂಡತಿ, ಮಗಳು ಜೊತೆಗಿದ್ದಾರೆ. ಎರಡು ವಿಷಯ ನನಗೆ ಒಟ್ಟಿಗೆ ಅರ್ಥವಾಗುತ್ತಿಲ್ಲ.

ಒಂದು, ಇಲ್ಲಿನ ಜನ ಒಬ್ಬರಿಂದ ಒಬ್ಬರು ತುಂಬಾ ದೂರ ಇರುತ್ತಾರೆ. ಬಸ್ ಸ್ಟಾಪಿನಲ್ಲಿ ಮಳೆ ಬರುತ್ತಿದ್ದರೂ ಚಾವಣಿಯ ಹೊರಗೆ ನಿಲ್ಲುತ್ತಾರೆ, ಒಳಗೆ ಈಗಾಗಲೇ ಇಬ್ಬರು ಇದ್ದಾರೆ ಅಂತ. ನಾವು ಮೆಟ್ಟಿಲು ಇಳಿಯುವ ಸದ್ದು ಕೇಳಿದರೆ ಪಕ್ಕದ ಮನೆಯವರು ಬಾಗಿಲು ತೆಗೆಯದೆ ಒಳಗೇ ಕಾಯುತ್ತಾರೆ.

ಇನ್ನೊಂದು, ಹೋದ ಶನಿವಾರ ಆಫೀಸಿನ ಗೆಳೆಯರೊಬ್ಬರು ನಮ್ಮನ್ನು ಕಾಡಿಗೆ ಕರೆದುಕೊಂಡು ಹೋದರು. ಬೇಲಿ ಇಲ್ಲ, ಗೇಟ್ ಇಲ್ಲ, ಬೋರ್ಡ್ ಇಲ್ಲ. ಖಾಸಗಿ ಕಾಡಂತೆ. ಮಾಲೀಕರು ಯಾರು ಅಂತ ಅವರಿಗೂ ಗೊತ್ತಿಲ್ಲ! ಬಕೆಟ್ ತುಂಬ ಬ್ಲೂಬೆರಿ ಕಿತ್ತುಕೊಂಡು ಬಂದೆವು.

ಮನೆ ಬಾಗಿಲಲ್ಲಿ ಇಷ್ಟು ದೂರ ಇಡುವವರು ಜಮೀನಿನ ವಿಷಯದಲ್ಲಿ ಇಷ್ಟು ಧಾರಾಳ ಹೇಗೆ? ಇದು ಕಾನೂನೋ, ರೂಢಿಯೋ? ಟೆಂಟ್ ಹಾಕಬಹುದಾ? ಇನ್ನೊಂದು ಪ್ರಶ್ನೆ ಕೇಳಲು ಸ್ವಲ್ಪ ಸಂಕೋಚ. ಪಕ್ಕದವರು ಮಾತಾಡದಿರುವುದು ನಾವು ಹೊರಗಿನವರು ಅಂತಲಾ?

ಲೆಕ್ಕದ ಮೇಷ್ಟ್ರು
ಉತ್ತರ ಅಂಕಿಗಳಲ್ಲೇ ಇದೆ ಸರ್. ಫಿನ್ಲೆಂಡ್ ಸುಮಾರು 3,38,000 ಚದರ ಕಿ.ಮೀ., ಜನ ಸುಮಾರು 56 ಲಕ್ಷ. ಕರ್ನಾಟಕ 1,91,791 ಚದರ ಕಿ.ಮೀ., 2011ರ ಜನಗಣತಿಯಲ್ಲೇ 6.11 ಕೋಟಿ. ಅಲ್ಲಿ ಚದರ ಕಿ.ಮೀ.ಗೆ ಸುಮಾರು 17 ಜನ, ನಮ್ಮಲ್ಲಿ 319. ಅಷ್ಟು ಜಾಗ ಇದ್ದರೆ ಯಾರು ಬೇಕಾದರೂ ಧಾರಾಳವಾಗಿರುತ್ತಾರೆ.

ಪಾದಯಾತ್ರಿ
ಫಿನ್ಲೆಂಡಿನ ಉತ್ತರ ತುದಿಯ ಲ್ಯಾಪ್‌ಲೆಂಡ್ ಲೆಕ್ಕ ತೆಗೆದುಕೊಂಡರೆ ಇನ್ನೂ ಕಡಿಮೆ ಮೇಷ್ಟ್ರೇ. ಚದರ ಕಿ.ಮೀ.ಗೆ ಇಬ್ಬರು. ಇನಾರಿ ಅನ್ನುವ ಒಂದೇ ಸ್ಥಳೀಯ ಆಡಳಿತದ ವ್ಯಾಪ್ತಿ ನಮ್ಮ ಬೆಳಗಾವಿ ಜಿಲ್ಲೆಗಿಂತ ದೊಡ್ಡದು. ಜನ 7,000ದ ಆಸುಪಾಸು.

ತಾಂಪೆರೆಯ ಕನ್ನಡತಿ
ಮೊದಲು ಕಾನೂನಿನ ವಿಷಯ ಹೇಳುತ್ತೇನೆ. ಫಿನ್ಲೆಂಡಿನಲ್ಲಿ ಇದಕ್ಕೇ ಅಂತ ಒಂದು ಪ್ರತ್ಯೇಕ ಕಾಯ್ದೆ ಇಲ್ಲ. ಹಳೆಯ ರೂಢಿ. ಅದರ ಮಿತಿಗಳು ಬೇರೆ ಬೇರೆ ಕಾಯ್ದೆಗಳಲ್ಲಿ ಹರಡಿಕೊಂಡಿವೆ. ಯಾರ ಕಾಡಾದರೂ ಸರಿ, ನಡೆಯಬಹುದು, ಸ್ಕೀ ಮಾಡಬಹುದು, ಸೈಕಲ್ ಓಡಿಸಬಹುದು. ಬೆರ್ರಿ, ಅಣಬೆ ಕೀಳಬಹುದು. ಸಾದಾ ಗಾಳ ಹಾಕಿ ಮೀನು ಹಿಡಿಯಬಹುದು. ಮನೆಗಳಿಂದ ಸಾಕಷ್ಟು ದೂರದಲ್ಲಿ ಒಂದೆರಡು ರಾತ್ರಿ ಟೆಂಟ್ ಹಾಕಬಹುದು. ಅನುಮತಿ ಕೇಳಬೇಕಿಲ್ಲ, ದುಡ್ಡು ಕೊಡಬೇಕಿಲ್ಲ. ಈ ದೇಶದ ಪ್ರಜೆಯೇ ಆಗಿರಬೇಕು ಅಂತಲೂ ಇಲ್ಲ. ನೀವು ಕಿತ್ತ ಬೆರ್ರಿಯನ್ನು ಮಾರಿದರೆ ಆ ದುಡ್ಡಿಗೆ ತೆರಿಗೆ ಕೂಡ ಇಲ್ಲ.

ಮಾಡಬಾರದ್ದೂ ಇದೆ. ಯಾರ ಅಂಗಳಕ್ಕೂ ಕಾಲಿಡುವಂತಿಲ್ಲ. ಬೆಳೆ ಇರುವ ಹೊಲ ತುಳಿಯುವಂತಿಲ್ಲ. ಮರ ಕಡಿಯುವಂತಿಲ್ಲ, ಪಾಚಿ ಕೀಳುವಂತಿಲ್ಲ. ಮಾಲೀಕರ ಒಪ್ಪಿಗೆ ಇಲ್ಲದೆ ಬೆಂಕಿ ಹಾಕುವಂತಿಲ್ಲ. ಕಾಡಿನೊಳಗೆ ಗಾಡಿ ಓಡಿಸುವಂತಿಲ್ಲ.

ನೀವು ಇದನ್ನು ಎರಡು ವಿಷಯ ಅಂದುಕೊಂಡಿದ್ದೀರಿ. ಇಷ್ಟು ವರ್ಷ ಇಲ್ಲಿದ್ದು ನನಗೆ ಅನ್ನಿಸುವುದು, ಎರಡರ ಬೇರು ಒಂದೇ. ಮನೆಯ ಸುತ್ತಲಿನ ಜಾಗಕ್ಕೆ ಯಾರೂ ಬರುವುದಿಲ್ಲ ಅನ್ನುವ ನಂಬಿಕೆ ಇಲ್ಲಿ ಬಹಳ ಗಟ್ಟಿ. ಅದಕ್ಕೇ ಆಚೆಯ ಕಾಡನ್ನು ಬಿಟ್ಟುಕೊಡಲು ಮಾಲೀಕರಿಗೆ ಭಯವಿಲ್ಲ. ಬಂದವರು ಕಿಟಕಿಯ ಎದುರಿಗೇ ಟೆಂಟ್ ಹಾಕತೊಡಗಿದರೆ ಈ ಹಕ್ಕು ಉಳಿಯುವುದಿಲ್ಲ. ಬಸ್ ಸ್ಟಾಪಿನಲ್ಲಿ ದೂರ ನಿಲ್ಲುವ ಅಭ್ಯಾಸವೇ ಕಾಡನ್ನು ತೆರೆದಿಟ್ಟಿದೆ ಅನ್ನುವುದು ನನ್ನ ಅಭಿಪ್ರಾಯ.

ಬರ್ಗನ್ ಮಳೆ
ಅಕ್ಕ ಹೇಳಿದ್ದು ನಾರ್ವೆಯಲ್ಲಿ ಕಾಗದದ ಮೇಲೇ ಇದೆ. 1957ರ ಕಾಯ್ದೆ. ಟೆಂಟ್ ಹಾಕುವಾಗ ಜನ ವಾಸವಿರುವ ಮನೆಯಿಂದ ಕನಿಷ್ಠ 150 ಮೀಟರ್ ದೂರ ಇರಬೇಕು. ಒಂದೇ ಜಾಗದಲ್ಲಿ ಎರಡು ರಾತ್ರಿ. ಅದಕ್ಕಿಂತ ಜಾಸ್ತಿ ಇರಬೇಕಾದರೆ ಮಾಲೀಕರನ್ನು ಕೇಳಬೇಕು. ಎತ್ತರದ ಬೆಟ್ಟಗಳಲ್ಲಿ, ಊರಿಂದ ತುಂಬಾ ದೂರದಲ್ಲಿ ಈ ಎರಡು ರಾತ್ರಿಯ ಮಿತಿ ಇಲ್ಲ. ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ಕಾಡಿನಲ್ಲಿ, ಕಾಡಿನ ಹತ್ತಿರ ಬೆಂಕಿ ನಿಷೇಧ.

ಕ್ಲೌಡ್‌ಬೆರಿ ಬಗ್ಗೆ ಹುಷಾರು. ಉತ್ತರದ ಮೂರು ಪ್ರಾಂತ್ಯಗಳಲ್ಲಿ ಮಾಲೀಕರು ಕೀಳಬೇಡಿ ಅಂತ ನಿಷೇಧ ಹಾಕಬಹುದು. ಆಗಲೂ ಅಲ್ಲೇ ನಿಂತು ತಿನ್ನುವುದಕ್ಕೆ ಅಡ್ಡಿಯಿಲ್ಲ, ಮನೆಗೆ ಒಯ್ಯುವಂತಿಲ್ಲ.

ಹೆಸರು ಬೇಡ
150 ಮೀಟರ್! ನಮ್ಮ ಲೇಔಟಿನಲ್ಲಿ ಅಷ್ಟರೊಳಗೆ ಮೂವತ್ತು ಮನೆ ಸಿಗುತ್ತವೆ.

ಅಡಿಕೆ ತೋಟ
ಮೇಷ್ಟ್ರೇ, ಜನ ಕಡಿಮೆ ಇದ್ದರೆ ಧಾರಾಳ ತಾನಾಗಿ ಬರುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ಪಶ್ಚಿಮದ ರಾಜ್ಯಗಳನ್ನು ನೋಡಿ. ಮೈಲಿಗಟ್ಟಲೆ ಖಾಲಿ, ಆದರೂ ಉದ್ದಕ್ಕೂ ತಂತಿಬೇಲಿ, ಒಳಗೆ ಬರಬೇಡಿ ಅನ್ನುವ ಬೋರ್ಡು. ಸ್ಕಾಟ್ಲೆಂಡಿನ ಗುಡ್ಡಗಾಡಿನಲ್ಲೂ ಜನ ವಿರಳ. ಅಲ್ಲಿ ಎಲ್ಲರಿಗೂ ಓಡಾಡುವ ಹಕ್ಕನ್ನು ಸ್ಪಷ್ಟವಾಗಿ ಬರೆದಿಟ್ಟ ಕಾಯ್ದೆ ಬಂದಿದ್ದು 2003ರಲ್ಲಿ. ಜಾಗ ಇರುವುದು ಬೇರೆ, ಅದನ್ನು ತೆರೆದಿಡುವ ಮನಸ್ಸು ಬೇರೆ.

ನಾನು ಶಿರಸಿಯವನು. ನಮ್ಮಲ್ಲೂ ಕಾಡಿನ ಮೇಲೆ ಹಕ್ಕುಗಳಿವೆ. ತೋಟಕ್ಕೆ ಸೊಪ್ಪಿನ ಬೆಟ್ಟ, ದನಕ್ಕೆ ಗೋಮಾಳ. ಆದರೆ ಸೊಪ್ಪಿನ ಬೆಟ್ಟ ತೋಟಕ್ಕೆ ಅಂಟಿಕೊಂಡ ಹಕ್ಕು. ತೋಟ ಇಲ್ಲದವರಿಗೆ ಅದು ಇಲ್ಲ. ಗೋಮಾಳ ಆ ಊರಿನ ದನಗಳಿಗೆ. ಎಲ್ಲಿಂದಲೋ ಬಂದ ಅಪರಿಚಿತನಿಗೂ ಅದೇ ಹಕ್ಕು ಕೊಡುವುದಿದೆಯಲ್ಲ, ಅದು ನಿಜವಾಗಿಯೂ ದೊಡ್ಡ ಮಾತು.

ಲೆಕ್ಕದ ಮೇಷ್ಟ್ರು
ಹಾಗಾದರೆ ಡೆನ್ಮಾರ್ಕ್? ಅದೇ ನೆರೆ, ಹತ್ತಿರದ ಸಂಸ್ಕೃತಿ, ಆದರೆ ಚದರ ಕಿ.ಮೀ.ಗೆ ಸುಮಾರು 140 ಜನ. ಅಲ್ಲಿ ಖಾಸಗಿ ಕಾಡಿನಲ್ಲಿ ಹಗಲು ಹೊತ್ತು ಮಾತ್ರ, ದಾರಿ ಬಿಟ್ಟು ಆಚೆ ಹೋಗುವಂತಿಲ್ಲ. ಜನಸಂಖ್ಯೆಯೇ ಕಾರಣ ಅಲ್ವಾ?

ಅಡಿಕೆ ತೋಟ
ಜನ ಕಡಿಮೆ ಇರುವುದು ಬೇಕು, ಆದರೆ ಅದೊಂದೇ ಸಾಲದು. ಡೆನ್ಮಾರ್ಕ್ ನಿಮ್ಮ ಕಡೆ, ಅಮೆರಿಕ ನನ್ನ ಕಡೆ. ಎರಡನ್ನೂ ಇಟ್ಟುಕೊಂಡೇ ಯೋಚಿಸೋಣ.

ಸ್ಟಾಕ್‌ಹೋಮ್ ಸಂಜೆ
ಸರಾಸರಿ ಅಂಕಿಯಿಂದ ಇಲ್ಲಿನ ಬದುಕು ಗೊತ್ತಾಗುವುದಿಲ್ಲ. ಸ್ವೀಡನ್ ದೇಶಕ್ಕೆ ಚದರ ಕಿ.ಮೀ.ಗೆ 25 ಜನ ಅನ್ನುತ್ತಾರೆ. ಆದರೆ ಹೆಚ್ಚಿನವರು ದಕ್ಷಿಣದ ಪಟ್ಟಣಗಳಲ್ಲಿ ಫ್ಲ್ಯಾಟ್‌ಗಳಲ್ಲಿದ್ದಾರೆ. ಬೆಳಿಗ್ಗೆ ಮೆಟ್ರೋದಲ್ಲಿ ಭುಜಕ್ಕೆ ಭುಜ ತಾಗುತ್ತದೆ. ಐಸ್‌ಲೆಂಡ್ ಅಂದರೆ ಖಾಲಿ ದೇಶ ಅಂದುಕೊಳ್ಳುತ್ತೇವೆ, ಅಲ್ಲಿನ ಹತ್ತಿರ ಹತ್ತಿರ ಮೂರನೇ ಎರಡು ಭಾಗ ಜನ ರಾಜಧಾನಿಯ ಸುತ್ತಮುತ್ತಲೇ ಇದ್ದಾರೆ. ಕಾಡು ಇವರಿಗೆ ದಿನಾ ಇರುವ ಜಾಗ ಅಲ್ಲ. ವಾರದ ಕೊನೆಗೆ, ಬೇಸಿಗೆ ರಜೆಗೆ ಹೋಗುವ ಜಾಗ. ಅದಕ್ಕೇ ಅದರ ಮೇಲೆ ಅಷ್ಟು ಪ್ರೀತಿ.

ಸ್ವೀಡನ್ನಿನಲ್ಲಿ ಈ ಹಕ್ಕು 1994ರಿಂದ ಸಂವಿಧಾನದಲ್ಲೇ ಇದೆ. ಜೊತೆಗೆ ಕೆರೆ, ಸಮುದ್ರದ ದಡದಿಂದ 100 ಮೀಟರ್ ಒಳಗೆ ಸಾಮಾನ್ಯವಾಗಿ ಮನೆ ಕಟ್ಟುವಂತಿಲ್ಲ. ದಡವನ್ನು ದುಡ್ಡಿದ್ದವರು ಸುತ್ತುಹಾಕಿಕೊಳ್ಳಬಾರದು ಅಂತ. ಈ ನಿಯಮವನ್ನು ಸಡಿಲ ಮಾಡಬೇಕು ಅನ್ನುವ ಒತ್ತಡ ಆಗಾಗ ಬರುತ್ತಲೇ ಇರುತ್ತದೆ. ನನಗಂತೂ ಅದು ಹೋಗಬಾರದು.

ಮನಶ್ಶಾಸ್ತ್ರ ವಿದ್ಯಾರ್ಥಿನಿ
ಬಸ್ ಸ್ಟಾಪಿನಲ್ಲಿ ದೂರ ದೂರ ನಿಂತವರನ್ನು ನೋಡಿ ಎಲ್ಲರೂ ಉತ್ತರದ ಜನರೇ ಜಗತ್ತಿನಲ್ಲಿ ಅತಿ ದೂರ ನಿಲ್ಲುವವರು ಅಂದುಕೊಂಡಿದ್ದಾರೆ. ಸಂಶೋಧನೆ ಹಾಗೆ ಹೇಳುವುದಿಲ್ಲ. 2017ರಲ್ಲಿ 42 ದೇಶಗಳ 8,943 ಜನರನ್ನು ಕೇಳಿ ಒಂದು ದೊಡ್ಡ ಅಧ್ಯಯನ ಬಂತು. ಅಪರಿಚಿತರಿಂದ ಎಲ್ಲರಿಗಿಂತ ಜಾಸ್ತಿ ದೂರ ಬಯಸಿದವರು ರೊಮೇನಿಯಾದವರು. ಅತಿ ಹತ್ತಿರ ಬಿಟ್ಟುಕೊಂಡವರು ಅರ್ಜೆಂಟೀನಾದವರು. ಪಟ್ಟಿಯಲ್ಲಿ ನಾರ್ವೆಯೂ ಇತ್ತು, ಅದು ಮೊದಲ ಸ್ಥಾನದ ಹತ್ತಿರವೂ ಇರಲಿಲ್ಲ. ಊರಿನ ಉಷ್ಣಾಂಶಕ್ಕೂ ಈ ದೂರಕ್ಕೂ ಸ್ವಲ್ಪ ಸಂಬಂಧ ಕಂಡುಬಂತು. ಚಳಿಯ ಪ್ರದೇಶದವರು ಆಪ್ತರನ್ನು ಇನ್ನೂ ಹತ್ತಿರ ಇಟ್ಟುಕೊಳ್ಳುತ್ತಾರೆ.

1960ರ ದಶಕದಲ್ಲಿ ಎಡ್ವರ್ಡ್ ಹಾಲ್ ಅನ್ನುವ ಅಮೆರಿಕದ ಮಾನವಶಾಸ್ತ್ರಜ್ಞ ಈ ದೂರಗಳನ್ನು ಅಳೆದು ವಿಂಗಡಿಸಿದ. ಸುಮಾರು 45 ಸೆಂಟಿಮೀಟರ್ ಒಳಗೆ ಆಪ್ತರು, 1.2 ಮೀಟರ್‌ವರೆಗೆ ಗೆಳೆಯರು, ಆಮೇಲೆ ಪರಿಚಿತರು. ಈ ಗೆರೆಗಳು ಅವನ ಊರಿನವು, ಬೇರೆ ಕಡೆ ಬದಲಾಗುತ್ತವೆ ಅಂತ ಅವನೇ ಹೇಳಿದ್ದ.

ಪಾದಯಾತ್ರಿ
ಹಾಗಾದರೆ ಅಲ್ಲಿನ ಬಿಸಿ ಹಬೆಯ ಸ್ನಾನದ ಕೋಣೆ, ಸೌನಾ? ಮೈಮೇಲೆ ಬಟ್ಟೆ ಇಲ್ಲದೆ ಅಪರಿಚಿತರ ಪಕ್ಕ ಅರ್ಧ ಅಡಿ ದೂರದಲ್ಲಿ ಕೂರುತ್ತಾರೆ. ಅಲ್ಲಿ ಯಾವ ಗೆರೆಯೂ ಕಾಣುವುದಿಲ್ಲ.

ತಾಂಪೆರೆಯ ಕನ್ನಡತಿ
ಅಲ್ಲೂ ಗೆರೆ ಇದೆ ಪಾದಯಾತ್ರಿ ಅವರೇ, ಮಾತಿನಲ್ಲಿ. ಸೌನಾದಲ್ಲಿ ಯಾರೂ ನಿಮ್ಮ ಕೆಲಸ ಏನು, ಸಂಬಳ ಎಷ್ಟು ಅಂತ ಕೇಳುವುದಿಲ್ಲ. ನಿಮ್ಮನ್ನು ದಿಟ್ಟಿಸಿ ನೋಡುವುದಿಲ್ಲ. ಸುಮ್ಮನೆ ಕೂತಿದ್ದರೆ ಅದೂ ಸರಿ. ಬೇಕಾದವರು ಮಾತಾಡುತ್ತಾರೆ, ಆಗ ಬಹಳ ಮನಸ್ಸು ಬಿಚ್ಚಿ ಮಾತಾಡುತ್ತಾರೆ.

ಔಲು ಹೊಸಬ ಅವರೇ, ಪಕ್ಕದವರ ಪ್ರಶ್ನೆಗೆ ಬರುತ್ತೇನೆ. ಇಲ್ಲಿಯವರು ಇಲ್ಲಿಯವರ ಜೊತೆಯೂ ಹಾಗೇ ಇರುತ್ತಾರೆ. ಇಪ್ಪತ್ತು ವರ್ಷ ಎದುರುಬದುರು ಬಾಗಿಲಿದ್ದು ಹೆಸರಿಗಿಂತ ಜಾಸ್ತಿ ಗೊತ್ತಿಲ್ಲದವರು ನಮ್ಮ ಕಟ್ಟಡದಲ್ಲೇ ಇದ್ದಾರೆ. ವಸಂತದಲ್ಲಿ ಕಟ್ಟಡದವರೆಲ್ಲ ಸೇರಿ ಅಂಗಳ ಗುಡಿಸುವ ದಿನ ಇರುತ್ತದೆ. ನೋಟೀಸು ಕೆಳಗೆ ಅಂಟಿಸುತ್ತಾರೆ. ತಪ್ಪದೆ ಹೋಗಿ. ಕೈಗೆ ಕುಂಟೆ ಕೊಡುತ್ತಾರೆ, ಆಮೇಲೆ ಕಾಫಿ, ಸಾಸೇಜ್ ಇರುತ್ತದೆ. ಅವತ್ತು ಮಾತಾಡಿದವರು ಆಮೇಲೂ ಮಾತಾಡುತ್ತಾರೆ. ಜೊತೆಗೆ ಕೆಲಸ ಮಾಡಿದ ಮೇಲೆ ಮಾತು ಇವರಿಗೆ ಸುಲಭ.

ಬಣ್ಣ ನೋಡಿ ದೂರ ಇಡುವವರು ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಇದ್ದಾರೆ. ಬಸ್ಸಿನಲ್ಲಿ ಮಾತು ಕೇಳಿಸಿಕೊಂಡಿದ್ದೇನೆ, ನೋವಾಗಿದೆ. ಆದರೆ ಬಾಗಿಲು ತೆಗೆಯದೆ ಕಾಯುವುದು ಅದಲ್ಲ.

ಔಲು ಹೊಸಬ
ತುಂಬಾ ಥ್ಯಾಂಕ್ಸ್ ಅಕ್ಕ. ಹೆಂಡತಿಗೆ ಓದಿ ಹೇಳಿದೆ, ಅವಳಿಗೆ ಸಮಾಧಾನ ಆಯಿತು. ಊರಲ್ಲಿ ಸಂಜೆ ನಾಲ್ಕು ಮನೆಯವರು ಜಗಲಿ ಮೇಲೆ ಸೇರುತ್ತಿದ್ದರು, ಇಲ್ಲಿ ಅವಳಿಗೆ ಅದೇ ಕಷ್ಟ.

ಸ್ಟಾಕ್‌ಹೋಮ್ ಸಂಜೆ
ಅದು ಸಣ್ಣ ವಿಷಯ ಅಲ್ಲ. ಸ್ವೀಡನ್, ಫಿನ್ಲೆಂಡ್ ಎರಡರಲ್ಲೂ ಹತ್ತಿರ ಹತ್ತಿರ ಅರ್ಧದಷ್ಟು ಮನೆಗಳಲ್ಲಿ ಒಬ್ಬರೇ ಇರುತ್ತಾರೆ. ಎಷ್ಟೋ ಜನಕ್ಕೆ ಅದು ಬೇಕಾಗಿಯೇ ಆರಿಸಿಕೊಂಡ ಬದುಕು. ಆದರೆ ನವೆಂಬರ್ ಕತ್ತಲಲ್ಲಿ ಒಬ್ಬರೇ ಇರುವ ಮುದುಕರನ್ನು ನೋಡಿದರೆ ನನಗೆ ಬೇಜಾರಾಗುತ್ತದೆ. ಖಾಸಗಿತನವನ್ನು ಹೊಗಳುವಾಗ ಇದನ್ನೂ ಹೇಳಬೇಕು. ನಿಮ್ಮ ಮನೆಯವರನ್ನು ಚಳಿಗಾಲ ಬರುವ ಮೊದಲೇ ಯಾವುದಾದರೂ ಹಾಡಿನ ಗುಂಪಿಗೋ ಹೊಲಿಗೆಯ ಗುಂಪಿಗೋ ಸೇರಿಸಿ. ಇಲ್ಲಿ ಸ್ನೇಹ ಆಗುವುದು ಹೆಚ್ಚಾಗಿ ಅಂಥ ಕಡೆಯೇ.

ಪಾದಯಾತ್ರಿ
ನಾನು ಈ ದೇಶಗಳನ್ನು ಇಷ್ಟಪಡಲು ಒಂದೇ ಒಂದು ಕಾರಣ ಹೇಳಿ ಅಂದರೆ ಲ್ಯಾಪ್‌ಲೆಂಡಿನ ತೆರೆದ ಗುಡಿಸಲುಗಳನ್ನು ಹೇಳುತ್ತೇನೆ. ರಸ್ತೆಯಿಂದ ಒಂದು ದಿನದ ನಡಿಗೆ ದೂರದಲ್ಲಿ ಮರದ ಗುಡಿಸಲು. ಬೀಗ ಇಲ್ಲ. ಒಳಗೆ ಮಲಗಲು ಹಲಗೆಯ ಅಟ್ಟ, ಸೌದೆ ಒಲೆ, ಮೂಲೆಯಲ್ಲಿ ಕೊಡಲಿ. ಹೊರಗೆ ಸೌದೆ ಕೊಟ್ಟಿಗೆ. ಬಾಡಿಗೆ ಇಲ್ಲ, ಬುಕಿಂಗ್ ಇಲ್ಲ. ಒಂದೋ ಎರಡೋ ರಾತ್ರಿ ಇರಬಹುದು. ಹೆಚ್ಚಿನವನ್ನು ಸರ್ಕಾರದ ಅರಣ್ಯ ಸಂಸ್ಥೆ ಮೆತ್ಸಾಹಲ್ಲಿತುಸ್ ನೋಡಿಕೊಳ್ಳುತ್ತದೆ.

ಅಲ್ಲಿನ ನಿಯಮ ಕೇಳಿ. ಕೊನೆಗೆ ಬಂದವರಿಗೇ ಮೊದಲ ಹಕ್ಕು. ಗುಡಿಸಲು ತುಂಬಿದ್ದರೆ, ಮೊದಲೇ ಬಂದು ಮೈ ಬೆಚ್ಚಗೆ ಮಾಡಿಕೊಂಡು ಒಣಗಿದವರು ಜಾಗ ಬಿಡಬೇಕು. ಕತ್ತಲಲ್ಲಿ ಒದ್ದೆಯಾಗಿ, ಸುಸ್ತಾಗಿ ಬಂದವರು ಒಳಗೆ ಮಲಗುತ್ತಾರೆ, ಮೊದಲಿನವರು ಬೇಕಾದರೆ ಟೆಂಟಿಗೆ ಹೋಗುತ್ತಾರೆ. ಹೊರಡುವಾಗ ಒಲೆ ಪಕ್ಕ ಒಣ ಸೌದೆ ಸೀಳಿ ಇಟ್ಟು ಹೋಗಬೇಕು. ಮುಂದೆ ಬರುವವರ ಕೈ ಮರಗಟ್ಟಿರಬಹುದು ಅಂತ.

ನಗರದಲ್ಲಿ ಎರಡು ಮೀಟರ್ ದೂರ ನಿಲ್ಲುವ ಜನ ಆ ಗುಡಿಸಲಿನಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡೇ ಮಲಗುತ್ತಾರೆ. ನನ್ನ ಒದ್ದೆ ಸಾಕ್ಸನ್ನು ಒಬ್ಬ ಮುದುಕ ಕೇಳದೆ ತೆಗೆದು ಒಲೆ ಮೇಲಿನ ದಾರಕ್ಕೆ ನೇತುಹಾಕಿದ. ಮಾತು ಒಂದೂ ಆಡಲಿಲ್ಲ.

ಅಡಿಕೆ ತೋಟ
ಕೊನೆಗೆ ಬಂದವರಿಗೆ ಮೊದಲ ಹಕ್ಕು! ಓದಿ ಮನಸ್ಸು ತುಂಬಿತು.

ಬರ್ಗನ್ ಮಳೆ
ನಾರ್ವೆಯಲ್ಲಿ 1868ರಲ್ಲಿ ಶುರುವಾದ ಪ್ರವಾಸಿಗರ ಸಂಘ ಇದೆ, ಡಿಎನ್‌ಟಿ. ಬೆಟ್ಟಗಳಲ್ಲಿ ಐನೂರಕ್ಕೂ ಹೆಚ್ಚು ಮನೆಗಳು. ಸದಸ್ಯರ ಹತ್ತಿರ ಒಂದೇ ಬೀಗದ ಕೈ, ಬೀಗ ಹಾಕಿದ ಮನೆಗಳಲ್ಲಿ ಹೆಚ್ಚಿನವಕ್ಕೆ ಅದೇ ಆಗುತ್ತದೆ. ಕೆಲವು ಮನೆಗಳಲ್ಲಿ ಡಬ್ಬಿ ಊಟ, ಅಕ್ಕಿ, ಕಾಫಿ ಇಟ್ಟಿರುತ್ತಾರೆ. ತೆಗೆದುಕೊಂಡಿದ್ದಕ್ಕೆ ನೀವೇ ಲೆಕ್ಕ ಹಾಕಿ ದುಡ್ಡು ಕಟ್ಟಬೇಕು. ನೋಡಲು ಯಾರೂ ಇಲ್ಲ.

ಹೆಸರು ಬೇಡ
ನಮ್ಮಲ್ಲಿ ಹೀಗೆ ಇಟ್ಟರೆ ಒಂದು ವಾರದಲ್ಲಿ ಕೊಡಲಿಯೂ ಇರಲ್ಲ.

ಅಡಿಕೆ ತೋಟ
ಈ ಮಾತು ಬೇಡ ಅನ್ನಿಸುತ್ತದೆ. ನಮ್ಮ ಕಡೆ ಒಂಟಿ ಮನೆಗಳಿಗೆ ರಾತ್ರಿ ದಾರಿ ತಪ್ಪಿ ಬಂದವರಿಗೆ ಊಟ ಹಾಕಿ ಮಲಗಿಸಿದ್ದನ್ನು ನಾನೇ ನೋಡಿದ್ದೇನೆ. ಜನ ವಿರಳವಾದಲ್ಲಿ ಮನುಷ್ಯರ ಬೆಲೆ ಜಾಸ್ತಿ ಆಗುತ್ತದೆ. ಅದಕ್ಕೆ ದೇಶ ಇಲ್ಲ.

ಟ್ರಾಮ್ಸೊ ವಿದ್ಯಾರ್ಥಿ
ಎಲ್ಲರೂ ಖಾಲಿ ಜಾಗ, ಖಾಲಿ ಜಾಗ ಅನ್ನುತ್ತಿದ್ದೀರಿ. ಆ ಮಾತಿಗೇ ನನ್ನ ವಿರೋಧ ಇದೆ. ನೀವು ಖಾಲಿ ಅನ್ನುವುದು ಇಲ್ಲಿನ ಮೂಲನಿವಾಸಿಗಳಾದ, ಹಿಮಸಾರಂಗ ಸಾಕುವ ಸಾಮಿ ಜನರ ಹುಲ್ಲುಗಾವಲು. ಹಿಮಸಾರಂಗಗಳಿಗೆ ಬೇಸಿಗೆಗೆ ಒಂದು ಕಡೆ, ಚಳಿಗಾಲಕ್ಕೆ ಇನ್ನೊಂದು ಕಡೆ, ಮರಿ ಹಾಕಲು ಮತ್ತೊಂದು ಕಡೆ ಬೇಕು. ನಡುವೆ ಓಡಾಡುವ ದಾರಿ ಬೇಕು. ಚದರ ಕಿ.ಮೀ.ಗೆ ಇಬ್ಬರು ಅಂದರೆ ಅಷ್ಟೂ ಜಾಗ ಆ ಇಬ್ಬರ ಬದುಕಿಗೆ ಬೇಕಾಗಿದೆ ಅಂತಲೂ ಅರ್ಥ.

ನಾರ್ವೆಯ ಫೋಸೆನ್ ವಿಷಯ ಗೊತ್ತಿರಬಹುದು. ಚಳಿಗಾಲದ ಮೇವಿನ ಬೆಟ್ಟದ ಮೇಲೆ 151 ಗಾಳಿಯಂತ್ರ ನಿಲ್ಲಿಸಿದರು. 2021ರ ಅಕ್ಟೋಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇದು ಸಾಮಿಗಳ ಸಂಸ್ಕೃತಿಯ ಹಕ್ಕಿನ ಉಲ್ಲಂಘನೆ ಅಂತ ತೀರ್ಪು ಕೊಟ್ಟಿತು. ಯಂತ್ರಗಳು ಹಾಗೇ ತಿರುಗುತ್ತಲೇ ಇದ್ದವು. 2023ರಲ್ಲಿ ಯುವಕರು ಓಸ್ಲೋದಲ್ಲಿ ಸಚಿವಾಲಯದ ಬಾಗಿಲು ತಡೆದು ಕೂತರು. ಆಮೇಲೆ ಒಪ್ಪಂದಗಳಾದವು, ಯಂತ್ರ ಇಳಿಸಲಿಲ್ಲ. ಅದಕ್ಕೂ ಹಿಂದೆ ಆಲ್ಟಾ ನದಿಯ ಅಣೆಕಟ್ಟಿನ ವಿರುದ್ಧ 1979ರಲ್ಲಿ ಉಪವಾಸ ಕೂತಿದ್ದರು. ಅಣೆಕಟ್ಟು ಕಟ್ಟಿಯೇ ಬಿಟ್ಟರು. ಆದರೆ ಆ ಹೋರಾಟದಿಂದ 1989ರಲ್ಲಿ ಸಾಮಿ ಸಂಸತ್ತು ಬಂತು.

ಲೆಕ್ಕದ ಮೇಷ್ಟ್ರು
ಗಾಳಿಯಂತ್ರ ಬೇಡ, ಅಣೆಕಟ್ಟು ಬೇಡ ಅಂದರೆ ಕರೆಂಟ್ ಎಲ್ಲಿಂದ ತರುವುದು? ಯಾವುದಾದರೂ ಒಂದು ಜಾಗ ಕೊಡಲೇಬೇಕಲ್ಲ.

ಟ್ರಾಮ್ಸೊ ವಿದ್ಯಾರ್ಥಿ
ಕೊಡಲೇಬೇಕಾದ ಜಾಗ ಪ್ರತಿ ಸಲವೂ ಅವರದ್ದೇ ಯಾಕೆ ಆಗುತ್ತದೆ ಸರ್? ಅಲ್ಲಿ ಯಾರೂ ಇಲ್ಲ ಅಂತ ಮೊದಲೇ ಅಂದುಕೊಂಡಿರುವುದರಿಂದ.

ಅಡಿಕೆ ತೋಟ
ಮೇಷ್ಟ್ರೇ, ಶರಾವತಿ, ಕಾಳಿ ಕಣಿವೆಗಳಲ್ಲಿ ಮುಳುಗಿದ ಊರಿನವರನ್ನು ಈ ಪ್ರಶ್ನೆ ಕೇಳಿ ನೋಡಿ. ಲಿಂಗನಮಕ್ಕಿಗೆ ಊರು ಬಿಟ್ಟವರ ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಕರೆಂಟ್ ಬೇಕು, ಒಪ್ಪುತ್ತೇನೆ. ಬೆಲೆ ಕೊಡುವವರು ಯಾರು ಅನ್ನುವುದನ್ನು ಮೊದಲು ಕೇಳಬೇಕು.

ತಾಂಪೆರೆಯ ಕನ್ನಡತಿ
ಟ್ರಾಮ್ಸೊ ತಮ್ಮ ಹೇಳಿದ್ದು ನಿಜ. ಫಿನ್ಲೆಂಡಿನಲ್ಲಿ 1991ರ ಕಾಯ್ದೆಯಲ್ಲಿ ಲ್ಯಾಪ್‌ಲೆಂಡಿನ 12 ಪ್ರದೇಶಗಳನ್ನು, ಒಟ್ಟು ಸುಮಾರು 15,000 ಚದರ ಕಿ.ಮೀ., ವನ್ಯ ಪ್ರದೇಶ ಅಂತ ಉಳಿಸಿದ್ದಾರೆ. ಅದರ ಉದ್ದೇಶದಲ್ಲೇ ಸಾಮಿ ಸಂಸ್ಕೃತಿ ಮತ್ತು ಅಲ್ಲಿನ ಹಳೆಯ ಕಸುಬುಗಳನ್ನು ಕಾಪಾಡುವುದು ಅಂತ ಬರೆದಿದೆ. ಜನರನ್ನು ಹೊರಗೆ ಹಾಕಿ ಕಾಡು ಉಳಿಸುವ ಯೋಚನೆ ಅಲ್ಲ. ಅದು ನನಗೆ ಮೆಚ್ಚುಗೆ.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಫಿನ್ಲೆಂಡಿನ ಮುಕ್ಕಾಲು ಭಾಗ ಕಾಡು ಅನ್ನುವುದು ನಿಜ, ಆದರೆ ದಕ್ಷಿಣದಲ್ಲಿ ನೀವು ನೋಡುವ ಬಹುಪಾಲು ಕಾಡು ಮರಕ್ಕಾಗಿ ಬೆಳೆಸಿದ್ದು. ಅರ್ಧಕ್ಕಿಂತ ಜಾಸ್ತಿ ಕಾಡು ಖಾಸಗಿ ಕುಟುಂಬಗಳದ್ದು. ಒಂದೇ ವಯಸ್ಸಿನ ಪೈನ್ ಮರ, ಸಾಲಾಗಿ. ಕಡಿಯುವ ಕಾಲ ಬಂದಾಗ ಯಂತ್ರ ತಂದು ಪೂರ್ತಿ ಬೋಳು ಮಾಡುತ್ತಾರೆ. ನಾನು ಪ್ರತಿ ವರ್ಷ ಅಣಬೆ ಕೀಳುತ್ತಿದ್ದ ಕಾಡು ಹಾಗೆ ಹೋಯಿತು. ನಡೆಯುವ ಹಕ್ಕು ನಮಗಿದೆ, ಮರ ಉಳಿಸಿಕೊಳ್ಳುವ ಹಕ್ಕು ಇಲ್ಲ.

ಮನಶ್ಶಾಸ್ತ್ರ ವಿದ್ಯಾರ್ಥಿನಿ
ಬೆರ್ರಿ ಕೀಳಲು ಥಾಯ್ಲೆಂಡಿನಿಂದ ಬರುವವರ ಬಗ್ಗೆಯೂ ಹೇಳಿ. ಎಲ್ಲರ ಹಕ್ಕನ್ನು ಬಳಸಿಕೊಂಡು ಕೆಲವು ಕಂಪನಿಗಳು ದುಡ್ಡು ಮಾಡಿದವಂತೆ.

ತಾಂಪೆರೆಯ ಕನ್ನಡತಿ
ಹೌದು. ಸೂಪರ್‌ಮಾರ್ಕೆಟ್ಟಿಗೆ, ಕಾರ್ಖಾನೆಗೆ ಹೋಗುವ ಕಾಡು ಬೆರ್ರಿಯ ದೊಡ್ಡ ಪಾಲನ್ನು ವರ್ಷಗಟ್ಟಲೆ ಕಿತ್ತವರು ಥಾಯ್ಲೆಂಡಿನ ಹಳ್ಳಿಯವರು. ನೌಕರರು ಅಂತ ಲೆಕ್ಕಕ್ಕೆ ಇಟ್ಟಿರಲಿಲ್ಲ. ಯಾರು ಬೇಕಾದರೂ ಕೀಳಬಹುದಲ್ಲ, ಕಿತ್ತು ಮಾರುತ್ತಾರೆ ಅಷ್ಟೇ ಅಂತ. ವಿಮಾನದ ಟಿಕೆಟ್ಟು, ಊಟ, ಗಾಡಿ ಬಾಡಿಗೆ ಅಂತ ಸಾಲ ಮಾಡಿ ಬರುತ್ತಿದ್ದರು. ಫಸಲು ಕೈಕೊಟ್ಟ ವರ್ಷ ಸಾಲ ಹೊತ್ತುಕೊಂಡೇ ಊರಿಗೆ ಹೋಗುತ್ತಿದ್ದರು. ಮಾನವ ಕಳ್ಳಸಾಗಣೆಯ ಪ್ರಕರಣಗಳು ಕೋರ್ಟಿಗೂ ಹೋದವು. ಈಗ ನಿಯಮ ಬಿಗಿ ಮಾಡಿದ್ದಾರೆ. ಬಕೆಟ್ ತುಂಬ ಮನೆಗೆ ತರುವುದಕ್ಕೂ ಲಾರಿ ತುಂಬ ಸಾಗಿಸುವುದಕ್ಕೂ ಒಂದೇ ಹಕ್ಕು ಅನ್ವಯಿಸುವುದು ಸರಿಯಲ್ಲ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ರೇಕ್ಯಾವಿಕ್ ರಜೆ
ಐಸ್‌ಲೆಂಡಿನ ಕಥೆ ಬೇರೆ. 2010ರಲ್ಲಿ ಸುಮಾರು 5 ಲಕ್ಷ ಪ್ರವಾಸಿಗರು, 2018ರಲ್ಲಿ 23 ಲಕ್ಷ. ದೇಶದ ಜನಸಂಖ್ಯೆ 4 ಲಕ್ಷಕ್ಕೂ ಕಡಿಮೆ. ವ್ಯಾನಿನಲ್ಲಿ ಬಂದವರು ಹೊಲದ ಅಂಚು, ಪಾರ್ಕಿಂಗ್ ಜಾಗ ಎಲ್ಲಾ ಕಡೆ ಮಲಗಲು ಶುರು ಮಾಡಿದರು. ಈಗ ವ್ಯಾನ್ ಇದ್ದರೆ ಕ್ಯಾಂಪಿಂಗ್ ಜಾಗಕ್ಕೇ ಹೋಗಬೇಕು, ಇಲ್ಲವೇ ಮಾಲೀಕರ ಅನುಮತಿ ಬೇಕು. ರಸ್ತೆ ಬಿಟ್ಟು ಗಾಡಿ ಇಳಿಸಿದರೆ ಭಾರಿ ದಂಡ. ಅಲ್ಲಿನ ಪಾಚಿ ಒಮ್ಮೆ ಹರಿದುಹೋದರೆ ಚೇತರಿಸಿಕೊಳ್ಳಲು ದಶಕಗಳು ಬೇಕು. ದೂರದಿಂದ ಗಾಡಿ ಚಕ್ರದ ಹಳೆಯ ಗುರುತು ಕಾಣುತ್ತದೆ, ನೋಡಿದರೆ ಸಿಟ್ಟು ಬರುತ್ತದೆ.

ಬರ್ಗನ್ ಮಳೆ
ನಾರ್ವೆಯ ಉತ್ತರದ ದ್ವೀಪಗಳಾದ ಸ್ವಾಲ್‌ಬಾರ್ಡ್‌ನಲ್ಲಿ ದೂರದ ನಿಯಮ ಪ್ರಾಣಿಗೂ ಇದೆ. 2025ರಿಂದ ಹಿಮಕರಡಿಯಿಂದ ಕನಿಷ್ಠ 300 ಮೀಟರ್ ಆಚೆ ಇರಬೇಕು, ಮಾರ್ಚ್‌ನಿಂದ ಜೂನ್ ಕೊನೆಯವರೆಗೆ 500 ಮೀಟರ್. ಭಾರತದ ಸಂಶೋಧನಾ ಕೇಂದ್ರ ಹಿಮಾದ್ರಿ ಇರುವುದು ಅಲ್ಲೇ, ನ್ಯೂ ಓಲೆಸುಂಡ್‌ನಲ್ಲಿ. 2008ರಲ್ಲಿ ಶುರುವಾಯಿತು.

ಪಾದಯಾತ್ರಿ
ವಿಷಯಕ್ಕೆ ಸಂಬಂಧ ಇಲ್ಲ, ಆದರೂ ಹೇಳಲೇಬೇಕು. ಫಿನ್ಲೆಂಡಿನ ಅತಿ ಎತ್ತರದ ಜಾಗ ಹಲ್ತಿ, 1,324 ಮೀಟರ್. ಅದು ಬೆಟ್ಟದ ತುದಿ ಅಲ್ಲ, ಇಳಿಜಾರು. ತುದಿ ಗಡಿಯಾಚೆ ನಾರ್ವೆಯಲ್ಲಿದೆ. ಫಿನ್ಲೆಂಡಿಗೆ 2017ರಲ್ಲಿ ನೂರು ವರ್ಷ ತುಂಬುವಾಗ ಆ ತುದಿಯನ್ನು ಉಡುಗೊರೆ ಕೊಡೋಣ ಅಂತ ನಾರ್ವೆಯ ಜನರೇ ಅಭಿಯಾನ ಮಾಡಿದರು. ದೇಶವನ್ನು ಭಾಗ ಮಾಡುವಂತಿಲ್ಲ ಅಂತ ಸಂವಿಧಾನ ಹೇಳುತ್ತದೆ ಅಂತ ಸರ್ಕಾರ ಒಪ್ಪಲಿಲ್ಲ. ಕೇಳಿದವರು ನೆರೆಯವರಿಗಾಗಿ ಕೇಳಿದರಲ್ಲ, ಅದು ನನಗೆ ಇಷ್ಟ.

ಬೆಳಗಿನ ನಡಿಗೆ
ಹೆಂಗಸರು ಒಬ್ಬರೇ ಕಾಡಿಗೆ ಹೋಗಬಹುದಾ? ನಾನು ಜನವರಿಯಲ್ಲಿ ಸ್ವೀಡನ್ನಿನ ಉಮೆಯೋಗೆ ಓದಲು ಹೋಗುತ್ತಿದ್ದೇನೆ. ಅಮ್ಮನಿಗೆ ಭಯ.

ತಾಂಪೆರೆಯ ಕನ್ನಡತಿ
ನಾನು ಒಬ್ಬಳೇ ಹೋಗುತ್ತೇನೆ, ಟೆಂಟಿನಲ್ಲಿ ಒಬ್ಬಳೇ ಮಲಗುತ್ತೇನೆ. ಮನುಷ್ಯರ ಭಯ ಆಗಿದ್ದಿಲ್ಲ. ದಾರಿಯಲ್ಲಿ ಎದುರಾದವರು ತಲೆ ಆಡಿಸಿ ಪಕ್ಕಕ್ಕೆ ಸರಿದು ಹೋಗುತ್ತಾರೆ. ನಗರದಲ್ಲಿ ಹಲೋ ಹೇಳದವರು ಕಾಡಿನಲ್ಲಿ ಹೇಳುತ್ತಾರೆ. ಯಾರೂ ಎಲ್ಲಿಂದ ಬಂದೆ, ಒಬ್ಬಳೇ ಯಾಕೆ ಅಂತ ಕೇಳುವುದಿಲ್ಲ. ಆ ಸ್ವಾತಂತ್ರ್ಯ ನನಗೆ ಊರಿನಲ್ಲಿ ಸಿಕ್ಕಿರಲಿಲ್ಲ, ಈ ದೇಶದಲ್ಲಿ ನಾನು ಉಳಿದುಕೊಳ್ಳಲು ಅದೂ ಒಂದು ಕಾರಣ.

ಭಯಪಡಬೇಕಾದ್ದು ಚಳಿ, ನೀರು, ತೆಳ್ಳನೆಯ ಮಂಜುಗಡ್ಡೆಗೆ. ಎಲ್ಲಿಗೆ ಹೋಗುತ್ತೇನೆ, ಯಾವಾಗ ಬರುತ್ತೇನೆ ಅಂತ ಒಬ್ಬರಿಗಾದರೂ ಹೇಳಿ ಹೋಗಮ್ಮ. ದೂರದ ಕಾಡಿನಲ್ಲಿ ಮೊಬೈಲ್ ಸಿಗ್ನಲ್ ನಂಬಬೇಡ. ಕಾಗದದ ನಕ್ಷೆ ಇಟ್ಟುಕೋ.

ಬರ್ಗನ್ ಮಳೆ
ನಾರ್ವೆಯ ಬೆಟ್ಟದ ನಿಯಮಗಳಲ್ಲಿ ಒಂದು, ತಡವಾಗುವ ಮೊದಲೇ ಅರ್ಧ ದಾರಿಯಿಂದ ವಾಪಸ್ ತಿರುಗಿ, ಅದರಲ್ಲಿ ನಾಚಿಕೆ ಇಲ್ಲ ಅಂತ. 1967ರ ಈಸ್ಟರ್ ರಜೆಯಲ್ಲಿ ಬೆಟ್ಟಗಳಲ್ಲಿ 18 ಜನ ಸತ್ತ ಮೇಲೆ ಈ ನಿಯಮಗಳನ್ನು ದೊಡ್ಡದಾಗಿ ಪ್ರಚಾರ ಮಾಡಿದರು. ಮಕ್ಕಳಿಗೂ ಕಲಿಸುತ್ತಾರೆ.

ಔಲು ಹೊಸಬ
ಇಷ್ಟೊಂದು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಟ್ರಾಮ್ಸೊದವರು ಹೇಳಿದ್ದು ಮನಸ್ಸಿನಲ್ಲಿ ಕೂತಿದೆ. ದಾರಿಯಲ್ಲಿ ಹಿಮಸಾರಂಗ ಕಂಡಾಗ ಕಾಡುಪ್ರಾಣಿ ಅಂತಲೇ ಮಗಳಿಗೆ ತೋರಿಸುತ್ತಿದ್ದೆವು. ಅವೆಲ್ಲ ಯಾರದೋ ಒಡೆತನದ್ದಾ?

ಟ್ರಾಮ್ಸೊ ವಿದ್ಯಾರ್ಥಿ
ಹೌದು, ಸಾಮಾನ್ಯವಾಗಿ ನೀವು ನೋಡುವ ಪ್ರತಿಯೊಂದಕ್ಕೂ ಮಾಲೀಕರಿದ್ದಾರೆ. ಕಿವಿಯಲ್ಲಿ ಕತ್ತರಿಸಿದ ಗುರುತು ಇರುತ್ತದೆ, ಒಬ್ಬೊಬ್ಬ ಮಾಲೀಕರಿಗೆ ಒಂದೊಂದು ಗುರುತು. ಫಿನ್ಲೆಂಡಿನಲ್ಲೇ 2 ಲಕ್ಷದ ಆಸುಪಾಸು ಇವೆ. ಅಟ್ಟಿಸಿಕೊಂಡು ಹೋಗಬೇಡಿ, ಫೋಟೋಗೆ ಅಂತ ಹತ್ತಿರ ಹೋಗಬೇಡಿ. ಮರಿ ಹಾಕುವ ಮೇ ತಿಂಗಳಲ್ಲಂತೂ ದೂರವೇ ಇರಿ. ಗಾಡಿಗೆ ಡಿಕ್ಕಿಯಾದರೆ ಬಿಟ್ಟು ಹೋಗುವಂತಿಲ್ಲ, 112ಕ್ಕೆ ಫೋನ್ ಮಾಡಲೇಬೇಕು. ಮಾಲೀಕರಿಗೆ ಪರಿಹಾರ ಸಿಗುವುದು ಅದರ ಮೇಲೆ.

ಔಲು ಹೊಸಬ
ಸರಿ. ಮಗಳ ಜೊತೆ ಮೊದಲ ಸಲ ಟೆಂಟ್ ಹಾಕಲು ಔಲು ಹತ್ತಿರ ಎಲ್ಲಿಗೆ ಹೋಗಲಿ? ಅವಳಿಗೆ ಎಂಟು ವರ್ಷ.

ಪಾದಯಾತ್ರಿ
ರೋಕುವಾ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ. ಔಲುಯಿಂದ ಕಾರಿನಲ್ಲಿ ಒಂದೂವರೆ ಗಂಟೆಯೊಳಗೆ ಮುಟ್ಟಬಹುದು. ಪೈನ್ ಮರಗಳ ಕೆಳಗೆ ನೆಲವೆಲ್ಲ ಬಿಳಿ ಕಲ್ಲುಹೂವು. ಅದನ್ನು ತುಳಿಯದೆ ದಾರಿಯಲ್ಲೇ ನಡೆಯಿರಿ, ಒಣಗಿದಾಗ ಕಾಲಿಟ್ಟರೆ ಪುಡಿಯಾಗುತ್ತದೆ. ಹೆಚ್ಚಿನ ರಾಷ್ಟ್ರೀಯ ಉದ್ಯಾನಗಳಲ್ಲಿ ಗುರುತು ಮಾಡಿದ ಜಾಗದಲ್ಲಿ ಮಾತ್ರ ಟೆಂಟ್. ಬೆಂಕಿಯೂ ಹಾಗೇ. ಕಾಡ್ಗಿಚ್ಚಿನ ಎಚ್ಚರಿಕೆ ಇದ್ದರೆ ಅದೂ ಇಲ್ಲ, ಹೊರಡುವ ಮೊದಲು ನೋಡಿಕೊಳ್ಳಿ.

ಜುಲೈ ಬೇಡ, ಸೊಳ್ಳೆ ತಿಂದು ಹಾಕುತ್ತವೆ. ಸೆಪ್ಟೆಂಬರ್ ಶುರುವಿಗೆ ಹೋಗಿ. ಲಿಂಗನ್‌ಬೆರಿ ಹಣ್ಣಾಗಿರುತ್ತದೆ. ಆಗ ಬೇಟೆಯ ಕಾಲ ಕೂಡ ಶುರುವಾಗಿರುತ್ತದೆ, ಮಗಳಿಗೆ ಕಿತ್ತಳೆ ಬಣ್ಣದ ಜಾಕೆಟ್ ಹಾಕಿ.

ಬೆಳಗಿನ ನಡಿಗೆ
ಲಿಂಗನ್‌ಬೆರಿ ತಂದು ಏನು ಮಾಡುತ್ತೀರಿ? ತುಂಬಾ ಹುಳಿ ಅಂತ ಕೇಳಿದ್ದೇನೆ.

ತಾಂಪೆರೆಯ ಕನ್ನಡತಿ
ಹುಳಿ, ಸ್ವಲ್ಪ ಒಗರು. ಅದಕ್ಕೇ ಗೊಜ್ಜಿಗೆ ಚೆನ್ನಾಗಿ ಒಗ್ಗುತ್ತದೆ. ಹುಣಸೆ ಬೇಕಿಲ್ಲ. ಬೆರ್ರಿಯನ್ನು ಉಪ್ಪು, ಬೆಲ್ಲ, ಮೆಣಸಿನಪುಡಿ ಹಾಕಿ ಗಟ್ಟಿಯಾಗುವ ತನಕ ಕುದಿಸು. ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಡು. ಕರಿಬೇವು ಉಮೆಯೋದಲ್ಲಿ ಸಿಗುವುದು ಕಷ್ಟ, ಊರಿಂದ ಒಣಗಿಸಿ ತಾ. ದೋಸೆಗೂ ಆಗುತ್ತದೆ, ಮೊಸರನ್ನಕ್ಕೂ ಆಗುತ್ತದೆ.